ಬೆರಳು ಬಿಗಿದರೆ ಎದೆಯ ಸ್ಕ್ಯಾನಿಂಗ್ ಯಾಕೆ?

ಜಂಗಮಕೋಟೆ ಹೋಬಳಿಯ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ ಮತ್ತು ಹುಳು ಮನೆ, ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆ, ಅದರ ಸುತ್ತ ನೂಲು ಬಿಚ್ಚುವ ಮನೆಗಳು. ಬಿಸಿನೀರಿನ ಬೇಸಿನ್ನಿನಲ್ಲಿ ದಿನವಿಡೀ ಕೈಯಾಡಿಸಿದವರ ಬೆರಳು ಒಡೆಯುವುದು, ಸುಲಿಯುವುದು ಈ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಹಾಗಾಗಿಯೇ ನಮ್ಮ ಮನೆಯ ಅತ್ತೆಯೊಬ್ಬರ ಬೆರಳುಗಳು ಮಾಗಿಯ ಬೆಳಗ್ಗೆ ಸುಣ್ಣದ ಹಾಗೆ ಬಿಳಿಚಿ, ಆಮೇಲೆ ನೀಲಿಯಾಗಿ, ಕೊನೆಗೆ ಕೆಂಪೇರಿ ಉರಿಯತೊಡಗಿದಾಗ ನಾವು ಯಾರೂ ಅದನ್ನು ಕಾಯಿಲೆ ಎಂದುಕೊಳ್ಳಲಿಲ್ಲ. ಎರಡು ವರ್ಷದಲ್ಲಿ ಬೆರಳಿನ ಚರ್ಮ ಚಿವುಟಿ ಎತ್ತಲು ಬಾರದಷ್ಟು ಬಿಗಿಯಿತು. ಮುದ್ದೆ ಮುರಿಯುವುದೂ ಕಷ್ಟವಾಯಿತು. ಬೆಂಗಳೂರಿನ ವೈದ್ಯರು ಕೈ ನೋಡಿ ಸಿಸ್ಟಮಿಕ್ ಸ್ಕ್ಲೆರೋಸಿಸ್ ಎಂದರು, ಸ್ಕ್ಲೆರೋಡರ್ಮಾ ಎಂಬ ಹೆಸರೂ ಇದೆ ಎಂದರು. ಅದರ ಬೆನ್ನಿಗೇ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದರು.

ಕೈ ತೋರಿಸಲು ಹೋದವರಿಗೆ ಎದೆಯ ಸ್ಕ್ಯಾನಿಂಗ್ ಯಾಕೆ? ಆ ಚೀಟಿಯನ್ನು ನಾವು ಮೂರು ತಿಂಗಳು ಹಾಗೇ ಇಟ್ಟುಕೊಂಡೆವು. ಆ ಮೂರು ತಿಂಗಳಲ್ಲಿ ನಾವು ನಂಬಿದ್ದ ಮಾತುಗಳೇ ಕೆಳಗಿವೆ. ಅವುಗಳಲ್ಲಿ ಒಂದನ್ನೂ ದಡ್ಡತನ ಎಂದು ತಳ್ಳುವಂತಿಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಕಾರಣವೋ ಭಯವೋ ಇದೆ. ಆದರೂ ಅವು ತಪ್ಪು, ಮತ್ತು ಈ ಕಾಯಿಲೆಯಲ್ಲಿ ತಪ್ಪಿಗೆ ತೆರುವ ಬೆಲೆ ಉಸಿರು.

ಮೊದಲಿಗೆ ಕಾಯಿಲೆ ಏನೆಂದು ಎರಡು ಮಾತು. ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆ ಮೈಯ ಮೇಲೇ ತಿರುಗಿಬೀಳುವ ಕಾಯಿಲೆಗಳಲ್ಲಿ ಇದೂ ಒಂದು. ಸಣ್ಣ ರಕ್ತನಾಳಗಳು ಕೆಡುತ್ತವೆ. ಗಾಯ ಮಾಯುವಾಗ ಹುಟ್ಟುವಂಥ ನಾರು, ಗಾಯವೇ ಇಲ್ಲದ ಕಡೆ ಕಟ್ಟತೊಡಗುತ್ತದೆ. ಚರ್ಮದಲ್ಲಿ ಕಟ್ಟಿದರೆ ಕಣ್ಣಿಗೆ ಕಾಣುತ್ತದೆ. ಅನ್ನನಾಳದಲ್ಲಿ ಕಟ್ಟಿದರೆ ತುತ್ತು ಇಳಿಯುವುದಿಲ್ಲ, ಎದೆ ಉರಿಯುತ್ತದೆ. ಶ್ವಾಸಕೋಶದಲ್ಲಿ ಕಟ್ಟಿದರೆ ಬಹಳ ದಿನ ಏನೂ ಗೊತ್ತಾಗುವುದಿಲ್ಲ.

ಬೆರಳು ಬಿಳಿಚುವುದು ಬಿಸಿನೀರು–ತಣ್ಣೀರಿನ ಕೆಲಸದಿಂದ, ಇಲ್ಲವೇ ಮೈಯಲ್ಲಿ ರಕ್ತ ಕಡಿಮೆಯಾಗಿದ್ದರಿಂದ ಎಂಬ ನಂಬಿಕೆ.

ವಾಸ್ತವ: ಬಿಸಿನೀರು ಮತ್ತು ಗೂಡಿನ ಅಂಟು ಚರ್ಮವನ್ನು ಕೆಡಿಸುವುದು ನಿಜ. ಆದರೆ ಅದರಿಂದ ತುರಿಕೆ, ಬಿರುಕು, ಸಿಪ್ಪೆ ಏಳುವುದು ಆಗುತ್ತದೆ. ಬಣ್ಣ ಸರದಿಯಂತೆ ಬದಲಾಗುವುದಿಲ್ಲ. ರಕ್ತಹೀನತೆಯಲ್ಲಿ ಇಡೀ ಕೈ, ಕಣ್ಣಿನ ಕೆಳರೆಪ್ಪೆ, ನಾಲಿಗೆ ಎಲ್ಲವೂ ಬಿಳಿಚುತ್ತವೆ, ಸದಾ ಹಾಗೇ ಇರುತ್ತವೆ. ಗೆರೆ ಎಳೆದಂತೆ ಬೆರಳ ತುದಿ ಮಾತ್ರ ಬಿಳಿ, ಆಮೇಲೆ ನೀಲಿ, ಆಮೇಲೆ ಕೆಂಪು ಆಗುವುದಕ್ಕೆ ರೇನೋ ಎಂದು ಹೆಸರು. 1862ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯನ ಹೆಸರು ಅದು. ಚಳಿಗೆ ಅಥವಾ ಗಾಬರಿಗೆ ಬೆರಳಿನ ಸಣ್ಣ ರಕ್ತನಾಳಗಳು ಮುಷ್ಟಿ ಕಟ್ಟಿದಂತೆ ಮುಚ್ಚಿಕೊಳ್ಳುವುದರಿಂದ ಹೀಗಾಗುತ್ತದೆ.

ಇಲ್ಲಿ ಹೆದರಿಸುವುದೂ ಸರಿಯಲ್ಲ. ರೇನೋ ಇರುವ ಹೆಚ್ಚಿನವರಿಗೆ, ಅದರಲ್ಲೂ ಹದಿಹರೆಯದಲ್ಲೇ ಶುರುವಾಗಿ ಎರಡೂ ಕೈಗೆ ಸಮನಾಗಿ ಬರುವವರಿಗೆ, ಬೇರೆ ಕಾಯಿಲೆ ಇರುವುದಿಲ್ಲ. ಆದರೆ ಸ್ಕ್ಲೆರೋಡರ್ಮಾ ಇರುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ರೇನೋ ಇರುತ್ತದೆ. ಬಹಳ ಜನರಲ್ಲಿ ಅದೇ ಮೊದಲ ಸೂಚನೆ. ಮೂವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದರೆ, ಬೆರಳು ಊದಿಕೊಂಡು ಉಂಗುರ ಹಿಡಿಯದಂತಾದರೆ, ತುದಿಯಲ್ಲಿ ಹುಣ್ಣಾಗಿ ಮಾಯದೆ ಉಳಿದರೆ ತೋರಿಸಲೇಬೇಕು. ವೈದ್ಯರು ಉಗುರಿನ ಬುಡದ ರಕ್ತನಾಳಗಳನ್ನು ಭೂತಗನ್ನಡಿಯಂಥ ಸಾಧನದಿಂದ ನೋಡುತ್ತಾರೆ, ಎ.ಎನ್.ಎ. ಎಂಬ ರಕ್ತಪರೀಕ್ಷೆ ಬರೆಯುತ್ತಾರೆ. ಎರಡರಿಂದಲೂ ದಾರಿ ಬಹುಮಟ್ಟಿಗೆ ತಿಳಿಯಾಗುತ್ತದೆ.

ಚರ್ಮ ಗಟ್ಟಿಯಾಗಿ ಚುಕ್ಕೆ ಬಿದ್ದರೆ ಅದು ನಾಗದೋಷ, ಇಲ್ಲವೇ ತೊನ್ನು, ಇಲ್ಲವೇ ಕುಷ್ಠ ಎಂಬ ನಂಬಿಕೆ.

ವಾಸ್ತವ: ಚರ್ಮದ ಕಾಯಿಲೆಯನ್ನು ನಾಗನ ಜೊತೆ ಸೇರಿಸಿ ನೋಡುವುದು ನಮ್ಮಲ್ಲಿ ಹಳೆಯದು. ಪೊರೆ ಬಿಡುವ ಹಾವಿಗೂ ಸುಲಿಯುವ ಚರ್ಮಕ್ಕೂ ಹೋಲಿಕೆ ಕಾಣುವುದು ಸಹಜ. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಸಾಲುಸಾಲಾಗಿ ನಿಂತಿರುವ ನಾಗರಕಲ್ಲುಗಳನ್ನು ನೋಡಿದವರಿಗೆ ಆ ನಂಬಿಕೆಯ ಆಳ ಗೊತ್ತು. ನಾವೂ ಅಲ್ಲಿಗೆ ಹೋಗಿ ಬಂದವರೇ. ಪೂಜೆಯಿಂದ ಯಾರಿಗೂ ಕೇಡಾಗಲಿಲ್ಲ. ಕೇಡಾದದ್ದು, ಪೂಜೆಯ ಫಲ ಕಾಣಲಿ ಎಂದು ವೈದ್ಯರ ಬಳಿ ಹೋಗದೆ ಕಾದದ್ದರಿಂದ. ಈ ಕಾಯಿಲೆಯಲ್ಲಿ ಶ್ವಾಸಕೋಶ ಅತಿ ವೇಗವಾಗಿ ಕೆಡುವುದು ಮೊದಲ ಮೂರು–ನಾಲ್ಕು ವರ್ಷಗಳಲ್ಲಿ. ನಾವು ಹರಕೆಯಲ್ಲಿ ಕಳೆಯುವುದೂ ಅದೇ ವರ್ಷಗಳನ್ನು.

ತೊನ್ನಿನಲ್ಲಿ ಬಣ್ಣ ಹೋಗುತ್ತದೆ, ಚರ್ಮ ಮಾತ್ರ ಮೃದುವಾಗಿಯೇ ಇರುತ್ತದೆ. ಸ್ಕ್ಲೆರೋಡರ್ಮಾದಲ್ಲಿ ಉಪ್ಪು–ಮೆಣಸು ಎರಚಿದಂತೆ ಕಪ್ಪು ಬಿಳುಪು ಚುಕ್ಕೆ ಬೀಳುತ್ತದೆ, ಅದರ ಕೆಳಗಿನ ಚರ್ಮ ಬಿಗಿದಿರುತ್ತದೆ. ಕುಷ್ಠದಲ್ಲಿ ಮಚ್ಚೆಯ ಜಾಗಕ್ಕೆ ಸ್ಪರ್ಶ ತಿಳಿಯುವುದಿಲ್ಲ. ಇಲ್ಲಿ ಸ್ಪರ್ಶ ಪೂರ್ತಿ ಇರುತ್ತದೆ, ಬೆರಳ ತುದಿಯ ಹುಣ್ಣು ರಾತ್ರಿ ನಿದ್ದೆಗೆಡಿಸುವಷ್ಟು ನೋಯುತ್ತದೆ. ಸ್ಕ್ಲೆರೋಡರ್ಮಾ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅತ್ತೆಯ ತಟ್ಟೆ ಲೋಟವನ್ನು ಬೇರೆ ಇಟ್ಟ ಮನೆಗಳೂ ನಮ್ಮ ನೆಂಟರಲ್ಲಿ ಇದ್ದವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೆಮ್ಮಿಲ್ಲ, ಏದುಸಿರಿಲ್ಲ, ಹಾಗಾಗಿ ಸ್ಕ್ಯಾನಿಂಗ್ ಬೇಡ ಎಂಬ ನಂಬಿಕೆ.

ವಾಸ್ತವ: ನಮ್ಮನ್ನು ಅತಿ ಹೆಚ್ಚು ದಾರಿ ತಪ್ಪಿಸಿದ್ದು ಈ ಮಾತು. ಹಸಿವಿಲ್ಲದಿದ್ದರೆ ಊಟ ಬೇಡ ಎಂಬಷ್ಟು ಸರಳವಾಗಿ, ಸರಿಯಾಗಿ ಅದು ಕೇಳಿಸುತ್ತದೆ.

ಶ್ವಾಸಕೋಶಕ್ಕೆ ದೊಡ್ಡ ದಾಸ್ತಾನು ಇದೆ. ಕೂತು ಏಳುವಾಗ, ಅಡುಗೆ ಮಾಡುವಾಗ ಅದರ ಸಣ್ಣ ಪಾಲು ಸಾಕು. ಗಾಳಿಗೂಡುಗಳ ನಡುವಿನ ತೆಳು ಗೋಡೆಗಳಲ್ಲಿ ಬಾವು ಬಂದು, ನಾರು ಕಟ್ಟಿ, ಕೆಳಭಾಗದ ಒಂದಷ್ಟು ಜಾಗ ಕೆಲಸ ನಿಲ್ಲಿಸಿದರೂ ಉಳಿದದ್ದು ತೂಗಿಸಿಕೊಂಡು ಹೋಗುತ್ತದೆ. ಮೇಲಾಗಿ ಕೈಕಾಲು ಬಿಗಿದವರು ತಾವೇ ನಡಿಗೆ ಕಡಿಮೆ ಮಾಡಿರುತ್ತಾರೆ. ಬೆಟ್ಟ ಹತ್ತುವುದನ್ನೇ ಬಿಟ್ಟವರಿಗೆ ಬೆಟ್ಟ ಹತ್ತುವಾಗಿನ ಏದುಸಿರು ತಿಳಿಯುವುದು ಹೇಗೆ? ಒಣಕೆಮ್ಮು ಶುರುವಾಗಿ, ಮನೆಯಿಂದ ಬಸ್‌ಸ್ಟಾಂಡಿಗೆ ನಡೆಯುವಷ್ಟರಲ್ಲಿ ದಮ್ಮು ಕಟ್ಟುವ ಹೊತ್ತಿಗೆ ದಾಸ್ತಾನು ಬಹಳ ಖರ್ಚಾಗಿರುತ್ತದೆ. ನಾರು ಕಟ್ಟಿದ ಜಾಗವನ್ನು ಮತ್ತೆ ಮೆದುವಾಗಿಸುವ ಔಷಧಿ ಇಲ್ಲ.

ಇದರ ತೂಕ ತಿಳಿಯಲು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಒಂದು ಲೆಕ್ಕ ನೋಡಬೇಕು. 1970ರ ದಶಕದ ಆರಂಭದಲ್ಲಿ ಸ್ಕ್ಲೆರೋಡರ್ಮಾದ ಕಾರಣಕ್ಕೇ ಆಗುತ್ತಿದ್ದ ಸಾವುಗಳಲ್ಲಿ ಶೇಕಡಾ 42 ಮೂತ್ರಪಿಂಡದ ಬಿಕ್ಕಟ್ಟಿನಿಂದ ಆಗುತ್ತಿದ್ದವು. ಅದಕ್ಕೆ ಒಳ್ಳೆಯ ರಕ್ತದೊತ್ತಡದ ಮಾತ್ರೆಗಳು ಬಂದ ಮೇಲೆ, ಈ ಶತಮಾನದ ಆರಂಭದ ಹೊತ್ತಿಗೆ, ಅದು ಶೇಕಡಾ 6ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಶ್ವಾಸಕೋಶದ ನಾರುಗಟ್ಟುವಿಕೆಯ ಪಾಲು ಶೇಕಡಾ 6ರಿಂದ 33ಕ್ಕೆ ಏರಿತು. ಇಂದು ಈ ಕಾಯಿಲೆ ಹೆಚ್ಚಾಗಿ ಜೀವ ತೆಗೆಯುವುದು ಎದೆಯ ದಾರಿಯಿಂದಲೇ. ಆದ್ದರಿಂದ ಅಮೆರಿಕದ ಸಂಧಿವಾತ ಹಾಗೂ ಎದೆರೋಗ ತಜ್ಞರ ಸಂಘಗಳು 2023ರಲ್ಲಿ ಸಿದ್ಧಪಡಿಸಿದ ಮಾರ್ಗಸೂಚಿ, ಸಿಸ್ಟಮಿಕ್ ಸ್ಕ್ಲೆರೋಸಿಸ್ ಇರುವವರಲ್ಲಿ ಶ್ವಾಸಕೋಶದ ಕಾಯಿಲೆ ಹುಡುಕಲು ಎಚ್‌ಆರ್‌ಸಿಟಿ ಎಂಬ ತೆಳು ಪದರಗಳ ಸಿ.ಟಿ. ಮತ್ತು ಊದಿ ನೋಡುವ ಉಸಿರಾಟದ ಪರೀಕ್ಷೆ ಎರಡನ್ನೂ ಮಾಡಿಸಿ ಎನ್ನುತ್ತದೆ. ಏದುಸಿರು ಬರಲಿ ಎಂದು ಕಾಯುವುದಕ್ಕೆ ಅದರಲ್ಲಿ ಜಾಗವಿಲ್ಲ.

ಎಕ್ಸ್‌ರೇ ಸರಿಯಾಗಿದೆ, ಅಷ್ಟೇ ಸಾಕು ಎಂಬ ನಂಬಿಕೆ.

ವಾಸ್ತವ: ಎಕ್ಸ್‌ರೇಯಲ್ಲಿ ಎದೆಯ ಮುಂದಿನದು, ಹಿಂದಿನದು, ಪಕ್ಕೆಲುಬು, ಹೃದಯ ಎಲ್ಲವೂ ಒಂದರ ಮೇಲೊಂದು ಬಿದ್ದ ನೆರಳು. ಈ ಕಾಯಿಲೆ ಶುರುವಾಗುವುದು ಶ್ವಾಸಕೋಶದ ತಳದಲ್ಲಿ, ಹಿಂಬದಿಯಲ್ಲಿ. ಹೃದಯ ಮತ್ತು ವಪೆಯ ನೆರಳು ಅದನ್ನು ಮುಚ್ಚುತ್ತದೆ. ಎಚ್‌ಆರ್‌ಸಿಟಿ ಎದೆಯನ್ನು ಒಂದು–ಒಂದೂವರೆ ಮಿಲಿಮೀಟರ್ ದಪ್ಪದ ಪದರಗಳಾಗಿ ತೋರಿಸುತ್ತದೆ. ಎಲೆಕೋಸನ್ನು ಹೊರಗಿನಿಂದ ನೋಡುವುದಕ್ಕೂ ಅಡ್ಡಕ್ಕೆ ಹೆಚ್ಚಿ ನೋಡುವುದಕ್ಕೂ ಇರುವ ವ್ಯತ್ಯಾಸ ಇದು.

ಆರಂಭದಲ್ಲಿ ಚಿತ್ರದಲ್ಲಿ ಕಾಣುವುದು ಮಬ್ಬು. ಬಚ್ಚಲುಮನೆಯ ಕಿಟಕಿಗೆ ಹಾಕುವ ಗಾಜಿನ ಹಾಗೆ ಮಂಜು ಕವಿದ ಜಾಗ, ಆದರೆ ಅದರ ಮೂಲಕ ರಕ್ತನಾಳಗಳು ಕಾಣುತ್ತಿರುತ್ತವೆ. ಮುಂದುವರಿದರೆ ಬಲೆಯಂಥ ಗೆರೆಗಳು, ನಾರು ಎಳೆದು ಹಿಗ್ಗಿಸಿದ ಶ್ವಾಸನಾಳಗಳು. ಕೆಲವರಲ್ಲಿ ಕೊನೆಗೆ ಜೇನುಗೂಡಿನಂಥ ರಂಧ್ರಗಳು. ಜೊತೆಗೆ ಹಿಗ್ಗಿದ ಅನ್ನನಾಳವೂ ಅದೇ ಚಿತ್ರದಲ್ಲಿ ಸಿಗುತ್ತದೆ. ಸ್ಕ್ಲೆರೋಡರ್ಮಾ ಇರುವ ಬಹುಪಾಲು ಜನರ ಎಚ್‌ಆರ್‌ಸಿಟಿಯಲ್ಲಿ ಒಂದಿಷ್ಟಾದರೂ ಬದಲಾವಣೆ ಇರುತ್ತದೆ. ಅದು ಉಸಿರಿಗೆ ತೊಡಕಾಗುವ ಮಟ್ಟಕ್ಕೆ ಹೋಗುವುದು ಹತ್ತರಲ್ಲಿ ಮೂರು–ನಾಲ್ಕು ಮಂದಿಯಲ್ಲಿ. ಎಕ್ಸ್‌ರೇ ಶುದ್ಧವಾಗಿದ್ದರೆ ನ್ಯುಮೋನಿಯಾ ಇಲ್ಲ ಎಂದು ಬಹುಮಟ್ಟಿಗೆ ಸಮಾಧಾನಪಡಬಹುದು, ಈ ಕಾಯಿಲೆ ಇಲ್ಲ ಎಂದಲ್ಲ. ಅದೇ 2023ರ ಮಾರ್ಗಸೂಚಿ, ಇದನ್ನು ಹುಡುಕಲು ಎಕ್ಸ್‌ರೇ ಬೇಡ ಎಂದೇ ಹೇಳುತ್ತದೆ.

ಊದುವ ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತರ ಮೇಲೆ ಬಂದಿದೆ, ಆದ್ದರಿಂದ ಶ್ವಾಸಕೋಶ ಚೆನ್ನಾಗಿದೆ ಎಂಬ ನಂಬಿಕೆ.

ವಾಸ್ತವ: ಈ ಅಂಕಿ ನಿಮ್ಮ ವಯಸ್ಸು, ಎತ್ತರಕ್ಕೆ ಇರಬೇಕಾದ ಸರಾಸರಿಯ ಜೊತೆಗಿನ ಹೋಲಿಕೆ. ಹಿಂದೆ 110 ಇದ್ದವರು 85ಕ್ಕೆ ಇಳಿದರೂ ವರದಿಯಲ್ಲಿ ಸಾಮಾನ್ಯ ಎಂದೇ ಬರುತ್ತದೆ. ಹೊಲದಲ್ಲಿ ದುಡಿದ ಗಟ್ಟಿ ಮೈಯವರಿಗೆ ಈ ಮೋಸ ಹೆಚ್ಚು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 102 ಸ್ಕ್ಲೆರೋಡರ್ಮಾ ರೋಗಿಗಳಿಗೆ ಸಿ.ಟಿ., ಊದುವ ಪರೀಕ್ಷೆ ಎರಡನ್ನೂ ಮಾಡಿ ನೋಡಿದರು. 64 ಮಂದಿಯ ಸಿ.ಟಿ.ಯಲ್ಲಿ ಗಣನೀಯ ಕಾಯಿಲೆ ಇತ್ತು. ಅವರಲ್ಲಿ 40 ಮಂದಿಯ ಊದುವ ಪರೀಕ್ಷೆ ಸಾಮಾನ್ಯವಾಗಿತ್ತು.

ಹಾಗೆಂದು ಊದುವ ಪರೀಕ್ಷೆ ವ್ಯರ್ಥವಲ್ಲ. ಕಾಯಿಲೆ ಇದೆಯೇ, ಎಷ್ಟು ಹರಡಿದೆ ಎಂದು ಸಿ.ಟಿ. ಹೇಳುತ್ತದೆ. ಅದು ಏರುತ್ತಿದೆಯೇ, ನಿಂತಿದೆಯೇ ಎಂದು ತಿಂಗಳುಗಳ ಅಂತರದಲ್ಲಿ ಹೇಳುವುದು ಊದುವ ಪರೀಕ್ಷೆ. ಲಂಡನ್ನಿನ ವೈದ್ಯರು 2008ರಲ್ಲಿ ಎರಡನ್ನೂ ಸೇರಿಸಿದ ಸರಳ ಅಳತೆಯೊಂದನ್ನು ಕೊಟ್ಟರು. ಸಿ.ಟಿ.ಯಲ್ಲಿ ಕಾಯಿಲೆ ಶೇಕಡಾ 20ಕ್ಕಿಂತ ಸ್ಪಷ್ಟವಾಗಿ ಹೆಚ್ಚು ಹರಡಿದ್ದರೆ ವಿಸ್ತಾರವಾದದ್ದು, ಸ್ಪಷ್ಟವಾಗಿ ಕಡಿಮೆ ಇದ್ದರೆ ಸೀಮಿತ. ನಡುವೆ ಅನುಮಾನವಾದರೆ ಊದುವ ಪರೀಕ್ಷೆ ಶೇಕಡಾ 70ರ ಕೆಳಗಿದೆಯೇ ಎಂದು ನೋಡುವುದು. ತಜ್ಞರು ಇಂದಿಗೂ ಅದನ್ನು ಬಳಸುತ್ತಾರೆ.

ಒಂದು ಸಿ.ಟಿ. ಎಂದರೆ ಮುನ್ನೂರು ಎಕ್ಸ್‌ರೇಗೆ ಸಮ, ಮಾಡಿಸಿದರೆ ಕ್ಯಾನ್ಸರ್ ಬರುತ್ತದೆ ಎಂಬ ನಂಬಿಕೆ.

ವಾಸ್ತವ: ಈ ಮಾತು ಹುಟ್ಟಿದ ದಿನ ಹಲವರಿಗೆ ನೆನಪಿರಬಹುದು. 2021ರ ಮೇ ತಿಂಗಳು, ಕೊರೊನಾದ ಎರಡನೇ ಅಲೆ. ಸಣ್ಣ ಜ್ವರಕ್ಕೂ ಜನ ಸಿ.ಟಿ.ಗೆ ಮುಗಿಬೀಳುತ್ತಿದ್ದರು. ಆಗ ದೆಹಲಿಯ ಏಮ್ಸ್ ನಿರ್ದೇಶಕರು, ಒಂದು ಸಿ.ಟಿ. 300ರಿಂದ 400 ಎದೆ ಎಕ್ಸ್‌ರೇಗೆ ಸಮ ಎಂದು ಎಚ್ಚರಿಸಿದರು. ದೇಶದ ರೇಡಿಯಾಲಜಿ ತಜ್ಞರ ಸಂಘ ಅದನ್ನು ಒಪ್ಪದೆ, ಈಗಿನ ಕಡಿಮೆ ಪ್ರಮಾಣದ ಸಿ.ಟಿ. 5ರಿಂದ 10 ಎಕ್ಸ್‌ರೇಗೆ ಸಮ ಎಂದಿತು. ಮುನ್ನೂರು ಎಂಬುದು ಹಳ್ಳಿ ಹಳ್ಳಿಗೆ ತಲುಪಿತು. ಹತ್ತು ಎಂಬುದು ತಲುಪಲಿಲ್ಲ.

ಎರಡು ಲೆಕ್ಕ ಅಷ್ಟು ದೂರ ಯಾಕೆ? ಅಳತೆಗೋಲು ಬೇರೆ. ವಿಕಿರಣವನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಎದೆ ಎಕ್ಸ್‌ರೇ ಸುಮಾರು 0.02ರಿಂದ 0.1. ಮಾಮೂಲಿ ಎದೆ ಸಿ.ಟಿ. ಸುಮಾರು 5ರಿಂದ 7. ಕಡಿಮೆ ಪ್ರಮಾಣದ ಸಿ.ಟಿ. ಸುಮಾರು 1ರಿಂದ 1.5. ದೊಡ್ಡ ಸಿ.ಟಿ.ಯನ್ನು ಅತಿ ಸಣ್ಣ ಎಕ್ಸ್‌ರೇಯಿಂದ ಭಾಗಿಸಿದರೆ ಮುನ್ನೂರು ಬರುತ್ತದೆ. ಸಣ್ಣ ಸಿ.ಟಿ.ಯನ್ನು ದೊಡ್ಡ ಎಕ್ಸ್‌ರೇಯಿಂದ ಭಾಗಿಸಿದರೆ ಹತ್ತರಿಂದ ಹದಿನೈದು ಬರುತ್ತದೆ. ಗುಣಾಕಾರ ನೋಡಿ ಹೆದರುವ ಮೊದಲು ಮೂಲದ ಮೊತ್ತ ನೋಡಬೇಕು. ಯಾವ ಆಸ್ಪತ್ರೆಗೂ ಹೋಗದವರ ಮೈಗೂ ನೆಲ, ಬಂಡೆ, ಆಕಾಶ, ಅನ್ನದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತಲೇ ಇರುತ್ತದೆ. ಅಂದರೆ ಮಾಮೂಲಿ ಸಿ.ಟಿ. ಒಂದಕ್ಕೆ ಎರಡು–ಮೂರು ವರ್ಷದ ಸಹಜ ವಿಕಿರಣ.

ಅಪಾಯ ಸೊನ್ನೆ ಎಂದು ನಾವು ಹೇಳುತ್ತಿಲ್ಲ. ಕಾರಣವಿಲ್ಲದೆ, ವರ್ಷಕ್ಕೆ ನಾಲ್ಕು ಸಲ ಮಾಡಿಸುವುದು ತಪ್ಪು. ನೆಗಡಿಗೆ ಸಿ.ಟಿ. ಮಾಡಿಸುವುದು ತಪ್ಪು. ಬಸಿರಿರುವ ಅನುಮಾನವಿದ್ದರೆ ಮೊದಲೇ ಹೇಳಬೇಕು. ಆದರೆ ಸ್ಕ್ಲೆರೋಡರ್ಮಾ ಇರುವವರಿಗೆ ಲೆಕ್ಕ ಬೇರೆ. ಒಂದು ಕಡೆ ಮುಂದೆಂದೋ ಬರಬಹುದಾದ ಅತಿ ಸಣ್ಣ ಅಪಾಯ, ಇನ್ನೊಂದು ಕಡೆ ಈಗಲೇ ನಡೆಯುತ್ತಿರಬಹುದಾದ ದೊಡ್ಡ ನಷ್ಟ.

ಸಿ.ಟಿ. ಎಂದರೆ ಸುರಂಗದೊಳಗೆ ತಳ್ಳಿ, ಇಂಜೆಕ್ಷನ್ ಕೊಟ್ಟು, ತಾಳಿ ತೆಗೆಸುತ್ತಾರೆ ಎಂಬ ಭಯ.

ವಾಸ್ತವ: ಸುರಂಗ, ಡಬಡಬ ಸದ್ದು ಎಂ.ಆರ್.ಐ.ಯದು. ಸಿ.ಟಿ. ಯಂತ್ರ ವಡೆಯ ಹಾಗೆ ನಡುವೆ ತೆರೆದ ಬಳೆ. ಚಿತ್ರ ತೆಗೆಯಲು ಅರೆ ನಿಮಿಷವೂ ಬೇಡ. ಈ ಕಾಯಿಲೆ ನೋಡಲು ಬಣ್ಣದ ಇಂಜೆಕ್ಷನ್ ಬೇಕಿಲ್ಲ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಅನುಮಾನವಿದ್ದರೆ ಮಾತ್ರ ಅದು. ಲೋಹ ಚಿತ್ರದ ಮೇಲೆ ಗೀರು ಮೂಡಿಸುವುದರಿಂದ ಸರ ತೆಗೆಯಿರಿ ಎನ್ನುತ್ತಾರೆ. ಅತ್ತೆ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಹೋದರು. ತಂತ್ರಜ್ಞರು ಅದನ್ನು ಮುಟ್ಟಲೂ ಇಲ್ಲ.

ಗಮನ ಕೊಡಬೇಕಾದ ಸಂಗತಿ ಬೇರೆ ಇದೆ. ಉಸಿರನ್ನು ಪೂರ್ತಿ ಒಳಗೆಳೆದು ಹಿಡಿಯಬೇಕು. ಅರ್ಧ ಉಸಿರಿನಲ್ಲಿ ತೆಗೆದ ಚಿತ್ರದಲ್ಲಿ ಒಳ್ಳೆಯ ಶ್ವಾಸಕೋಶವೂ ಮಬ್ಬಾಗಿ ಕಾಣುತ್ತದೆ. ಮನೆಯಲ್ಲೇ ನಾಲ್ಕು ಸಲ ಹತ್ತು ಎಣಿಸುತ್ತಾ ರೂಢಿ ಮಾಡಿಕೊಂಡು ಹೋಗುವುದು ಒಳ್ಳೆಯದು. ಇನ್ನೊಂದು, ಅಂಗಾತ ಮಲಗಿದಾಗ ಬೆನ್ನ ಕಡೆಯ ಶ್ವಾಸಕೋಶ ಭಾರಕ್ಕೆ ಒತ್ತಿಕೊಂಡು ಮಬ್ಬಾಗುತ್ತದೆ. ಕಾಯಿಲೆಯ ಮಬ್ಬೂ ಅಲ್ಲೇ ಇರುತ್ತದೆ. ಬೋರಲು ಮಲಗಿಸಿ ಇನ್ನೊಮ್ಮೆ ತೆಗೆದರೆ ಭಾರದ ಮಬ್ಬು ಮಾಯವಾಗುತ್ತದೆ, ಕಾಯಿಲೆಯದು ಉಳಿಯುತ್ತದೆ. ಬೋರಲು ಮಲಗಿ ಎಂದರೆ ಗಾಬರಿ ಬೇಡ.

ಎದೆಯಲ್ಲಿ ಕಲೆ ಕಂಡರೆ ಅದು ಟಿ.ಬಿ., ಇಲ್ಲವೇ ಕೊರೊನಾ ಬಿಟ್ಟುಹೋದದ್ದು ಎಂಬ ನಂಬಿಕೆ.

ವಾಸ್ತವ: ನಮ್ಮ ದೇಶದಲ್ಲಿ ಮೊದಲು ಟಿ.ಬಿ. ನೆನಪಾಗುವುದು ತಪ್ಪಲ್ಲ, ಅದನ್ನು ಪರೀಕ್ಷಿಸಲೇಬೇಕು. ಕಫದ ಪರೀಕ್ಷೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಆದರೆ ಟಿ.ಬಿ. ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗವನ್ನು ಹಿಡಿಯುತ್ತದೆ, ಒಂದೇ ಕಡೆ ಹೆಚ್ಚಿರುತ್ತದೆ, ಜ್ವರ ಮತ್ತು ಕಫ ಬರುತ್ತದೆ. ಸ್ಕ್ಲೆರೋಡರ್ಮಾ ಎರಡೂ ಕಡೆ, ತಳದಲ್ಲಿ, ಒಣಕೆಮ್ಮಿನೊಂದಿಗೆ. ಕಫದಲ್ಲಿ ರೋಗಾಣು ಸಿಗದೆ, ಕಲೆ ತಳದಲ್ಲಿದ್ದು, ಬೆರಳೂ ಬಿಗಿದಿದ್ದರೆ ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ನುಂಗುವ ಮೊದಲು ಇನ್ನೊಬ್ಬ ವೈದ್ಯರನ್ನು ಕೇಳಬೇಕು. ಕೊರೊನಾ ಕಾಲದಲ್ಲಿ 25ಕ್ಕೆ ಇಷ್ಟು ಎಂದು ಕೊಡುತ್ತಿದ್ದ ಸ್ಕೋರ್ ಇಲ್ಲಿಗೆ ಅನ್ವಯಿಸುವುದೇ ಇಲ್ಲ. ಅದು ಕೆಲವು ದಿನಗಳ ಸೋಂಕಿನ ಅಳತೆ, ಇದು ವರ್ಷಗಳ ಕಾಯಿಲೆ.

ಕೊರೊನಾ ಬಿಟ್ಟುಹೋದ ಇನ್ನೊಂದು ವಸ್ತು ಮನೆಮನೆಯಲ್ಲಿದೆ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಅದು 98 ತೋರಿಸಿದರೆ ಶ್ವಾಸಕೋಶ ಚೆನ್ನಾಗಿದೆ ಎಂದುಕೊಳ್ಳುತ್ತೇವೆ. ಕೂತಿರುವಾಗಿನ ಆಮ್ಲಜನಕ ಬಹಳ ದಿನ ಸರಿಯೇ ಇರಬಹುದು. ಇದರ ಉಲ್ಟಾ ತಪ್ಪೂ ಇದೆ. ರೇನೋದಿಂದ ತಣ್ಣಗಾದ ಬೆರಳಿನಲ್ಲಿ ರಕ್ತವೇ ಸರಿಯಾಗಿ ಹರಿಯದೆ ಯಂತ್ರ 82 ಎಂದು ತೋರಿಸಿ ಮನೆಯವರನ್ನು ಮಧ್ಯರಾತ್ರಿ ಆಸ್ಪತ್ರೆಗೆ ಓಡಿಸುತ್ತದೆ. ಕೈ ಬೆಚ್ಚಗೆ ಮಾಡಿ ನೋಡಬೇಕು. ಆಸ್ಪತ್ರೆಗಳಲ್ಲಿ ಕಿವಿಯ ಹಾಲೆಯಲ್ಲೋ ಹಣೆಯಲ್ಲೋ ಅಳೆಯುವುದು ಇದಕ್ಕೇ.

ಇದು ಹೆಂಗಸರ ಕಾಯಿಲೆ, ಕಲ್ಲಿನ ದೂಳಿಗೂ ಇದಕ್ಕೂ ಸಂಬಂಧವಿಲ್ಲ ಎಂಬ ನಂಬಿಕೆ.

ವಾಸ್ತವ: ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು ಎಂಬುದು ನಿಜ. ಆದರೆ ಗಂಡಸರಿಗೆ ಬಂದಾಗ ಅವರು ಮಾಡಿದ ಕೆಲಸವನ್ನು ಕೇಳಬೇಕು. 1914ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಬೈರಮ್ ಬ್ರಾಂವೆಲ್, ತಾನು ಕಂಡ ಸ್ಕ್ಲೆರೋಡರ್ಮಾ ರೋಗಿಗಳಲ್ಲಿ ಕಲ್ಲುಕುಟಿಗರು ಹೆಚ್ಚಿರುವುದನ್ನು ಗಮನಿಸಿದ. 1957ರಲ್ಲಿ ಎರಾಸ್ಮಸ್ ಎಂಬ ವೈದ್ಯ ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರಲ್ಲಿ ಅದನ್ನೇ ಕಂಡ. ಕಲ್ಲಿನ ದೂಳಿನಲ್ಲಿರುವ ಸಿಲಿಕಾ ಈ ಕಾಯಿಲೆಯ ಸಂಭವವನ್ನು ಹೆಚ್ಚಿಸುತ್ತದೆ ಎಂದು ಆಮೇಲೆ ಹಲವು ದೇಶಗಳಲ್ಲಿ ಕಂಡುಬಂತು.

ನಮಗೆ ಚಿನ್ನದ ಗಣಿ ದೂರದ್ದಲ್ಲ. 2007ರವರೆಗೆ ನಾವೂ ಕೋಲಾರ ಜಿಲ್ಲೆಯವರೇ. 2001ರಲ್ಲಿ ಮುಚ್ಚಿದ ಕೆ.ಜಿ.ಎಫ್. ಗಣಿಯಿಂದಲೇ 1947ರಲ್ಲಿ ಸಿಲಿಕೋಸಿಸ್ ಕುರಿತ ನಮ್ಮ ದೇಶದ ಮೊದಲ ದೊಡ್ಡ ವರದಿ ಬಂದದ್ದು. ಈಗ ಗಣಿ ಇಲ್ಲ, ಚಿಕ್ಕಬಳ್ಳಾಪುರದ ಬೆಟ್ಟಗಳ ಬುಡದಲ್ಲಿ ಕ್ವಾರಿ ಮತ್ತು ಜಲ್ಲಿ ಕ್ರಷರ್‌ಗಳಿವೆ. ಅಲ್ಲಿ ದುಡಿಯುವವನ ಸಿ.ಟಿ.ಯಲ್ಲಿ ಮೇಲ್ಭಾಗದ ಸಣ್ಣ ಗಂಟುಗಳು ಸಿಲಿಕೋಸಿಸ್‌ನವು, ತಳದ ಮಬ್ಬು ಸ್ಕ್ಲೆರೋಡರ್ಮಾದ್ದು ಆಗಿರಬಹುದು, ಎರಡೂ ಒಟ್ಟಿಗೆ ಇರಬಹುದು. ಮೂಗಿಗೆ ಕಟ್ಟುವ ಟವೆಲ್ ಸಿಲಿಕಾದ ಸಣ್ಣ ಕಣವನ್ನು ತಡೆಯುವುದಿಲ್ಲ. ಕಲ್ಲಿನ ಮೇಲೆ ನೀರು ಚಿಮುಕಿಸುವುದು ಮಾಲೀಕರ ಕರ್ತವ್ಯ, ಕಾರ್ಮಿಕರಿಗೆ ತೋರುವ ಕೃಪೆಯಲ್ಲ. ಕ್ರಷರ್‌ನಲ್ಲಿ ದುಡಿದದ್ದನ್ನು ವೈದ್ಯರಿಗೆ ಕೇಳದಿದ್ದರೂ ಹೇಳಿ.

ಕಲೆ ಬಿದ್ದಾಯಿತು, ಇನ್ನು ಮಾಡುವುದೇನೂ ಇಲ್ಲ. ಉಬ್ಬಸಕ್ಕೆ ಕೊಡುವ ಸ್ಟೀರಾಯ್ಡ್ ನುಂಗಿದರೆ ಸಾಕು ಎಂಬ ನಂಬಿಕೆ.

ವಾಸ್ತವ: ಇದರ ಎರಡು ಅರ್ಧಗಳೂ ತಪ್ಪು, ಎರಡನೆಯದು ಅಪಾಯಕಾರಿ.

2006ರಲ್ಲಿ ಸೈಕ್ಲೋಫಾಸ್ಫಮೈಡ್ ಎಂಬ ಔಷಧಿ ಉಸಿರಿನ ಕುಸಿತವನ್ನು ತಡೆಯಬಲ್ಲದು ಎಂದು ಮೊದಲ ದೊಡ್ಡ ಪ್ರಯೋಗ ತೋರಿಸಿತು. 2016ರಲ್ಲಿ ಮೈಕೋಫೆನೊಲೇಟ್ ಅಷ್ಟೇ ಕೆಲಸ ಮಾಡುತ್ತದೆ, ತೊಂದರೆ ಕಡಿಮೆ ಎಂದು ತಿಳಿಯಿತು. ಈಗ ಮೊದಲು ಬರೆಯುವುದು ಹೆಚ್ಚಾಗಿ ಅದನ್ನೇ. 2019ರಲ್ಲಿ 576 ಜನರ ಮೇಲೆ ನಿಂಟೆಡಾನಿಬ್ ಪ್ರಯೋಗದ ಫಲ ಬಂತು. ಮಾತ್ರೆ ಇಲ್ಲದವರು ವರ್ಷಕ್ಕೆ ಸುಮಾರು 93 ಮಿಲಿಲೀಟರ್ ಉಸಿರು ಕಳೆದುಕೊಂಡರೆ, ತೆಗೆದುಕೊಂಡವರು ಸುಮಾರು 52. ಮೊತ್ತ ಸಣ್ಣದು ಎನಿಸಬಹುದು. ಆದರೆ ಹತ್ತು ವರ್ಷ ಇದೇ ಗತಿಯಲ್ಲಿ ಕೂಡಿಸಿ ನೋಡಿದರೆ, ಅದು ಮೆಟ್ಟಿಲು ಹತ್ತಬಲ್ಲವರಿಗೂ ಹತ್ತಲಾರದವರಿಗೂ ಇರುವ ಅಂತರವೇ ಆಗಬಹುದು. ಇವು ಬಿದ್ದ ಕಲೆಯನ್ನು ಅಳಿಸುವುದಕ್ಕಿಂತ ಹೆಚ್ಚಾಗಿ ಹೊಸ ಕಲೆಯನ್ನು ತಡೆಯುತ್ತವೆ. ಬೇಗ ಸಿ.ಟಿ. ಮಾಡಿಸಿ ಎನ್ನುವುದು ಈ ಕಾರಣಕ್ಕೆ. ಕಲೆ ಕಂಡ ಪ್ರತಿಯೊಬ್ಬರಿಗೂ ಔಷಧಿ ಬೇಕಿಲ್ಲ, ಕೆಲವರಲ್ಲಿ ಅದು ವರ್ಷಗಟ್ಟಲೆ ಅಲ್ಲೇ ನಿಂತಿರುತ್ತದೆ. ಮಕ್ಕಳಾಗಬೇಕೆಂದಿರುವವರು ಮೈಕೋಫೆನೊಲೇಟ್ ಶುರುಮಾಡುವ ಮೊದಲೇ ಹೇಳಬೇಕು. ಗರ್ಭಕ್ಕೆ ಅದು ಅಪಾಯ.

ಸ್ಟೀರಾಯ್ಡ್ ಬೇರೆ ಅನೇಕ ಕಾಯಿಲೆಗಳಲ್ಲಿ ಜೀವ ಉಳಿಸುತ್ತದೆ. ಸ್ಕ್ಲೆರೋಡರ್ಮಾದಲ್ಲಿ ದಿನಕ್ಕೆ 15 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮೀರಿದರೆ ರಕ್ತದೊತ್ತಡ ದಿಢೀರನೆ ಏರಿ ಮೂತ್ರಪಿಂಡ ಕೈಕೊಡುವ ಸಂಭವ ಹೆಚ್ಚುತ್ತದೆ. 2023ರ ಮಾರ್ಗಸೂಚಿ, ಈ ಕಾಯಿಲೆಯ ಶ್ವಾಸಕೋಶಕ್ಕೆ ಮೊದಲ ಔಷಧಿಯಾಗಿ ಸ್ಟೀರಾಯ್ಡ್ ಬೇಡ ಎಂದು ಬಲವಾಗಿಯೇ ಹೇಳುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ದಮ್ಮಿಗೆ ಎಂದು ಕೇಳಿ ತಂದ ಬಿಳಿ ಮಾತ್ರೆಯ ಹೆಸರನ್ನು ಒಮ್ಮೆ ಓದಿ ನೋಡಿ.

ತೋರಿಸಲು ಬಹಳ ದೂರ ಹೋಗಬೇಕಿಲ್ಲ. ಬೆಂಗಳೂರಿನಲ್ಲಿ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಇಂಥ ಕಾಯಿಲೆಗಳಿಗೇ ಮೀಸಲಾದ ರುಮಟಾಲಜಿ ವಿಭಾಗವಿದೆ.

ಒಮ್ಮೆ ಸಿ.ಟಿ. ಶುದ್ಧವಾಗಿ ಬಂದರೆ ಎದೆಯ ಚಿಂತೆ ಮುಗಿಯಿತು ಎಂಬ ನಂಬಿಕೆ.

ವಾಸ್ತವ: ಅದು ಆ ದಿನದ ಚಿತ್ರ. ರಕ್ತದಲ್ಲಿ ಎಸ್‌ಸಿಎಲ್-70 ಎಂಬ ಪ್ರತಿಕಾಯ ಇರುವವರಲ್ಲಿ, ಚರ್ಮದ ಬಿಗಿತ ಮೊಣಕೈ ದಾಟಿ ಮೇಲೇರಿದವರಲ್ಲಿ ಶ್ವಾಸಕೋಶ ಕೆಡುವ ಸಂಭವ ಹೆಚ್ಚು, ಅವರನ್ನು ಬಿಡದೆ ನೋಡುತ್ತಿರಬೇಕು. ಬೆರಳಿಗೆ ಮಾತ್ರ ಸೀಮಿತವಾದವರು ಪೂರ್ತಿ ಸುರಕ್ಷಿತರು ಎಂದೂ ಅಲ್ಲ. ಅವರಲ್ಲಿ ವರ್ಷಗಳ ನಂತರ ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರುವ ಇನ್ನೊಂದು ಕಾಯಿಲೆ ಬರಬಹುದು. ಸಿ.ಟಿ.ಯಲ್ಲಿ ಶ್ವಾಸಕೋಶ ಶುಭ್ರವಾಗಿಯೇ ಇರುತ್ತದೆ, ಉಸಿರು ಮಾತ್ರ ಸಾಲುವುದಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ಹೃದಯದ ಎಕೋ ಬೇಕು. ಸಿ.ಟಿ. ಪ್ರತಿ ವರ್ಷ ಬೇಕೆಂದಿಲ್ಲ. ಊದುವ ಪರೀಕ್ಷೆ ಇಳಿದಾಗ, ಹೊಸ ಕೆಮ್ಮು ಬಂದಾಗ, ಔಷಧಿ ಬದಲಿಸಬೇಕೆ ಎಂಬ ಪ್ರಶ್ನೆ ಎದ್ದಾಗ ಮತ್ತೆ ಮಾಡಿಸುತ್ತಾರೆ.

ಹಾಗೆ ಮತ್ತೆ ಮಾಡಿಸುವಾಗ ಬೇಕಾಗುವುದು ಹಳೆಯ ಚಿತ್ರ. ಒಂದು ಪುಟದ ರಿಪೋರ್ಟ್ ಸಾಲದು, ಸಿ.ಡಿ.ಯೇ ಬೇಕು. ಎರಡು ಚಿತ್ರಗಳನ್ನು ಪದರಕ್ಕೆ ಪದರ ಅಕ್ಕಪಕ್ಕ ಇಟ್ಟರೆ ಮಾತ್ರ ಮಬ್ಬು ಬೆಳೆದಿದೆಯೇ, ಅಲ್ಲೇ ಇದೆಯೇ ತಿಳಿಯುತ್ತದೆ. ಅತ್ತೆಯ ಮೊದಲ ಸಿ.ಟಿ.ಯಲ್ಲಿ ಎರಡೂ ಶ್ವಾಸಕೋಶದ ತಳದಲ್ಲಿ ಮಬ್ಬು ಇತ್ತು. ಆಗ ಅವರಿಗೆ ಕೆಮ್ಮು ಇರಲಿಲ್ಲ, ಏದುಸಿರೂ ಇರಲಿಲ್ಲ. ಮಾತ್ರೆ ಶುರುವಾಗಿ ಎರಡು ವರ್ಷಕ್ಕೆ ಎರಡನೆಯದನ್ನು ಮಾಡಿಸಿದಾಗ ವೈದ್ಯರು ಹಳೆಯ ಸಿ.ಡಿ. ಕೇಳಿದರು. ಬೀರುವಿನಲ್ಲಿ ಜಮೀನಿನ ಪಹಣಿ ಇಟ್ಟಿದ್ದ ಕವರಿನಲ್ಲೇ ಅತ್ತೆ ಅದನ್ನು ಇಟ್ಟಿದ್ದರು. ಎರಡನ್ನೂ ಅಕ್ಕಪಕ್ಕ ಹಾಕಿ ವೈದ್ಯರು ಬಹಳ ಹೊತ್ತು ನೋಡಿದರು. ಮಬ್ಬು ಇದ್ದಲ್ಲೇ ಇತ್ತು.